ಮಾಸ್ತರರ ಮುರುಗಲ ಹಣ್ಣು

“ಅಕ್ಕಾ, ಅಪ್ಪನ ಕಂಪ್ಯೂಟರ್ ತುಂಬ ಬರೇ ಮುರುಗಲ ಹಣ್ಣೇ ಅದೆ. ಎಂತ ಮಾಡೂದು ಇದ್ನೆಲ್ಲ?”

ಫೋನಿನಲ್ಲಿ ಕೇಳಿದವಳು ಮಾಸ್ತರರ ಮಗಳು. ಭಟ್ಕಳದ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುವ ಅವಳು, ಅಪ್ಪನ ಕಾರ್ಯಗಳೆಲ್ಲ ಮುಗಿದ ಮೇಲೆ ಹಳದೀಪುರದ ಮನೆಯಲ್ಲಿ ಒಂದೊಂದೇ ಸಾಮಾನು ಎತ್ತಿಡುತ್ತಿದ್ದಳು. ಬಟ್ಟೆ, ಕೊಡೆ, ಕನ್ನಡಕ ಎಲ್ಲಕ್ಕೂ ಒಂದೊಂದು ದಾರಿ ಸಿಕ್ಕಿತ್ತು. ಕಂಪ್ಯೂಟರಿನ ಮುಂದೆ ಬಂದು ಕೂತಾಗ ಮಾತ್ರ ಅವಳಿಗೆ ಏನೂ ತೋಚಲಿಲ್ಲ.

“ಎಂತದೂ ಅಳಿಸಬೇಡ ಮಾರಾಯ್ತಿ. ಐತವಾರ ನಾನೇ ಬರ್ತೆ,” ಎಂದೆ.

ಫೋನ್ ಇಟ್ಟೆ. ಮಾಸ್ತರರು ತೀರಿಕೊಂಡ ಸುದ್ದಿ ಕೇಳಿದ ದಿನ ಬಾರದ ಅಳು ಈ ಹಣ್ಣಿನ ಮಾತಿಗೆ ಬಂತು. ಆ ಚಿತ್ರಗಳ ಹಿಂದೆ ಏನಿದೆ ಎಂಬುದು ಮಗಳಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ತಾನು ಬದುಕಿರುವ ತನಕ ಯಾರಿಗೂ ಹೇಳಬಾರದು ಎಂದು ಮಾಸ್ತರರು ನನ್ನಿಂದ ಮಾತು ತೆಗೆದುಕೊಂಡಿದ್ದರು. ಈಗ ಅವರಿಲ್ಲ. ಹೇಳಬೇಕೋ ಬೇಡವೋ ಎಂಬುದನ್ನು ನಾನೇ ತೀರ್ಮಾನಿಸಬೇಕಾಗಿತ್ತು.

ಅವರು ಹೊನ್ನಾವರದ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದವರು. ನಮ್ಮ ಕಡೆ ಗಂಡಸು ಕಲಿಸಿದರೆ ಮಾಸ್ತರು, ಹೆಂಗಸು ಕಲಿಸಿದರೆ ಅಕ್ಕೋರು. ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಹಾಗಾಗಿ ನಾನೂ ಇಲ್ಲಿ ಹೆಸರು ಬರೆಯುವುದಿಲ್ಲ. ತೆಳ್ಳಗಿನ ಆಳು, ಸ್ವಲ್ಪ ಮುಂದಕ್ಕೆ ಬಾಗಿದ ನಡಿಗೆ. ಯಾವಾಗ ನೋಡಿದರೂ ಬಿಳಿ ಅಂಗಿ, ಬಿಳಿ ಪಂಚೆ, ಕೈಯಲ್ಲಿ ಕರಿ ಕೊಡೆ. “ದಿನವಿಡೀ ಬಣ್ಣದ ಮಧ್ಯೆ ಇರೋರಿಗೆ ಒಂದು ಬಣ್ಣದ ಅಂಗಿ ಸಿಕ್ಕಲಿಲ್ವಾ?” ಎಂದು ಗಣಿತದ ಮಾಸ್ತರರು ಕೆಣಕಿದರೆ, “ಇದ್ದ ಬಣ್ಣ ಎಲ್ಲ ಮಕ್ಕಳಿಗೆ ಕೊಟ್ಬಿಟ್ಟೆ, ನಂಗೆ ಉಳಿದದ್ದು ಇಷ್ಟೇ” ಎನ್ನುತ್ತಿದ್ದರು. ಅದನ್ನು ಕೇಳಿ ನಾವೆಲ್ಲ ಎಂಥ ದೊಡ್ಡ ಮನುಷ್ಯ ಎಂದುಕೊಳ್ಳುತ್ತಿದ್ದೆವು.

ಎಂಟನೇ ತರಗತಿಯಿಂದ ನಾನು ಅವರ ವಿದ್ಯಾರ್ಥಿನಿ. ಅವರ ಕ್ಲಾಸಿನಲ್ಲಿ ಎರಡು ರೂಢಿಗಳಿದ್ದವು. ಮೇಜಿನ ಮೇಲೆ ಚಿತ್ರಕ್ಕೆಂದು ಇಡುವ ಹಣ್ಣು ಯಾವುದೇ ಇರಲಿ, ಮಾವೋ ಚಿಕ್ಕುವೋ ಪೇರಲವೋ, ಇಡುವ ಮೊದಲು ಅದನ್ನು ಹೆಬ್ಬೆರಳಿನಿಂದ ಒಮ್ಮೆ ಮೆಲ್ಲಗೆ ಒತ್ತಿ ನೋಡುತ್ತಿದ್ದರು. ವೈದ್ಯರು ರೋಗಿಯ ಹೊಟ್ಟೆ ಒತ್ತಿ ನೋಡುವ ಹಾಗೆ. ಒತ್ತಿ, ತಲೆಯಾಡಿಸಿ, ಆಮೇಲೆ ಇಡುವುದು. ಹಿಂದಿನ ಬೆಂಚಿನವರು ಅದನ್ನು ನಕಲು ಮಾಡಿ ಒಬ್ಬರ ತಲೆಯನ್ನೊಬ್ಬರು ಒತ್ತಿ ನಗುತ್ತಿದ್ದರು.

ಇನ್ನೊಂದು ರೂಢಿ ಬಣ್ಣದ್ದು. ನಾವು ಬಣ್ಣ ತುಂಬಿದ ಹಾಳೆ ಹಿಡಿದು ಅವರ ಮುಂದೆ ನಿಂತರೆ, ಅವರು ಹಾಳೆಯ ಒಂದು ಕಡೆ ಬೆರಳಿಟ್ಟು ಕೇಳುತ್ತಿದ್ದರು: “ಇಲ್ಲಿ ಎಂತ ಬಣ್ಣ ಹಾಕಿದ್ದೆ? ಬಾಯಲ್ಲಿ ಹೇಳು.” ಹಸಿರು ಎಂದರೆ ಸಾಲದು. ಯಾವ ಹಸಿರು, ಬಾಳೆಯ ಸುಳಿಯದೋ ಹಲಸಿನ ಎಲೆಯದೋ? ಕೆಂಪು ಎಂದರೆ ಯಾವ ಕೆಂಪು, ಕುಂಕುಮದ್ದೋ ಹಂಚಿನದೋ? ಹಾಗೆ ಹೇಳುತ್ತ ಹೇಳುತ್ತ ನಮಗೆ ನಮ್ಮ ತಪ್ಪು ತಿಳಿದುಬಿಡುತ್ತಿತ್ತು. ಜಿಲ್ಲೆಯ ಸಾಹೇಬರು ತಪಾಸಣೆಗೆ ಬಂದಾಗ ಈ ಕ್ರಮವನ್ನು ಬಹಳ ಹೊಗಳಿ ಹೋದರಂತೆ. ಇವತ್ತಿಗೂ ಸೀರೆಯಂಗಡಿಯಲ್ಲಿ ನಾನು ಬಣ್ಣವನ್ನು ಬಾಯಲ್ಲಿ ಹೇಳಿಕೊಳ್ಳದೆ ಸೀರೆ ತೆಗೆಯುವುದಿಲ್ಲ.

ಅವರು ನಿವೃತ್ತರಾದದ್ದು, ಆ ಮೇಲೆ ಅವರ ಹೆಂಡತಿ ತೀರಿಕೊಂಡದ್ದು ನನಗೆ ಊರ ಸುದ್ದಿಯಾಗಿ ಕಿವಿಗೆ ಬಿದ್ದಿತ್ತು, ಅಷ್ಟೇ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬಿ.ಕಾಂ. ಮುಗಿಸಿ ಕುಮಟಾದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದೆ. ಆಗ ಪೇಟೆಯಲ್ಲಿ ಬೀದಿಗೊಂದು ಕಂಪ್ಯೂಟರ್ ಕ್ಲಾಸು. ನಮ್ಮದು ಔಷಧಿ ಅಂಗಡಿಯ ಮಾಳಿಗೆಯ ಮೇಲೆ. ಧೂಳು ತಾಗಿದರೆ ಯಂತ್ರ ಕೆಡುತ್ತದೆಂದು ಚಪ್ಪಲಿ ಹೊರಗೇ ಬಿಡಬೇಕಿತ್ತು. ಒಂದು ಬೆಳಿಗ್ಗೆ ಆ ಚಪ್ಪಲಿಗಳ ರಾಶಿಯ ಪಕ್ಕದಲ್ಲಿ ಕರಿ ಕೊಡೆ ಒರಗಿಸಿ, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದವರು ನಮ್ಮ ಮಾಸ್ತರರು.

“ಕಲಿಯೂಕೆ ಬಂದೆ. ಚಿತ್ರ ಬರೆಯೂದು ಕಲಿಸ್ತ್ರಿ ಅಲ್ದಾ ಅಕ್ಕೋರೆ?” ಎಂದರು.

ಕಲಿಸಿದ ಮಾಸ್ತರರೇ ‘ಅಕ್ಕೋರೆ’ ಎಂದರೆ ನಾಚಿಕೆಯಾಗುವುದಿಲ್ಲವೇ? ಬೇಡ ಎಂದು ಎಷ್ಟು ಹೇಳಿದರೂ ಬಿಡಲಿಲ್ಲ. ಕ್ಲಾಸಿನಲ್ಲಿ ಇದ್ದಷ್ಟು ಹೊತ್ತು ನಾನು ಅಕ್ಕೋರು. ಮಾತು ಗಂಭೀರವಾದಾಗ ಮಾತ್ರ ‘ತಂಗಿ’. ಮೌಸು ಹಿಡಿಯಲು ಅವರು ಪಟ್ಟ ಪಾಡು ದೇವರಿಗೇ ಪ್ರೀತಿ. ಕುಂಚ ಹಿಡಿದ ಕೈ ಅದು. ಮೌಸನ್ನು ಎರಡು ಬೆರಳಲ್ಲಿ ಎತ್ತಿ ಗಾಳಿಯಲ್ಲಿ ಆಡಿಸುತ್ತಿದ್ದರು. ನಾನು ಕೆಳಗೆ ಇಡಿಸುವುದು, ಅವರು ಮತ್ತೆ ಎತ್ತುವುದು.

ಹೊಸಬರು ಪೇಂಟ್ ಎಂಬ ಚಿತ್ರದ ತಂತ್ರಾಂಶದಲ್ಲಿ ಮೊದಲು ಬರೆಯುವುದು ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನ ಮರ. ಮಾಸ್ತರರು ಒಂದು ಹಣ್ಣು ಬರೆದರು. ಗುಂಡಗೆ, ತೊಟ್ಟಿನ ಹತ್ತಿರ ಚಿಕ್ಕ ಟೋಪಿ, ಪಕ್ಕದಲ್ಲಿ ಎರಡು ಎಲೆ. ಮೌಸಿನಲ್ಲಿ ಅಷ್ಟು ನಯವಾದ ಗೆರೆ ನಮ್ಮಲ್ಲಿ ಯಾರೂ ಎಳೆದಿರಲಿಲ್ಲ. ಕ್ಲಾಸಿನವರೆಲ್ಲ ಅವರ ಹಿಂದೆ ಬಂದು ನಿಂತರು. ಆಮೇಲೆ ಅವರು ಪರದೆಯ ಕೆಳಗಿನ ಬಣ್ಣದ ಚೌಕಗಳನ್ನು ಒತ್ತಿ ಹಣ್ಣಿಗೆ ಬಣ್ಣ ಸುರಿದರು. “ಕಳಿತ ಮುರುಗಲ ಹಣ್ಣು,” ಎಂದರು.

ಹಣ್ಣು ಕಡು ಹಸಿರಾಗಿತ್ತು. ಎಲೆಗಳು ಕೆಂಪಾಗಿದ್ದವು.

ಮುರುಗಲ ಹಣ್ಣನ್ನು ನಮ್ಮ ಕಡೆಯವರಿಗೆ ತೋರಿಸಿ ಕೊಡಬೇಕಾಗಿಲ್ಲ. ಬೇಸಿಗೆ ಬಂತೆಂದರೆ ಶರಬತ್ತಿಗೆ, ಸಾರಿಗೆ, ಪಿತ್ತಕ್ಕೆ ಅದೇ; ಅದನ್ನೇ ತೆಂಕು ಕಡೆಯವರು ಪುನರ್ಪುಳಿ, ಕೊಂಕಣಿಯವರು ಭಿರಿಂಡ ಎನ್ನುತ್ತಾರೆ. ಕಾಯಿ ಹಸಿರು, ಹಣ್ಣಾದರೆ ಕಡು ಕೆಂಪು, ಮುಟ್ಟಿದ ಕೈ ಎರಡು ದಿನ ಕೆಂಪು. ನನಗೆ ನಗು ಬಂತು. “ಮಾಸ್ತರ್ರೆ, ಇದು ಹಣ್ಣಲ್ಲ, ಕಾಯಿ! ಎಲೆನೇ ಹಣ್ಣಾಗಿ ಹೋಗಿದೆ!” ಎಂದೆ. ಎಲ್ಲರೂ ನಕ್ಕರು. ಮಾಸ್ತರರು ಮೌಸನ್ನು ಮೆಲ್ಲಗೆ ಕೆಳಗಿಟ್ಟು ಎದ್ದರು. ಕೊಡೆ ತೆಗೆದುಕೊಂಡು ಮೆಟ್ಟಿಲಿಳಿದು ಹೋದರು.

ಕೆಲವು ದಿನ ಬರಲೇ ಇಲ್ಲ. ಮುದುಕರಿಗೆ ಬೇಜಾರಾಯಿತೆಂದು ನಾವು ಅಂದುಕೊಂಡೆವು. ಆಮೇಲೆ ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದ ಹೊತ್ತಿಗೆ ಸರಿಯಾಗಿ ಬಂದರು. ಕರೆಂಟು ಹೋಗಿತ್ತು. ಕಪ್ಪಾದ ಪರದೆಗಳ ನಡುವೆ ನಾವಿಬ್ಬರೇ ಕೂತಿದ್ದೆವು.

“ತಂಗಿ, ನಂಗೆ ಕೆಂಪು ಹಸಿರು ಬೇರೆ ಬೇರೆ ಕಾಣೂದಿಲ್ಲ,” ಎಂದರು. “ಹಳದಿ ಗೊತ್ತಾಗ್ತದೆ, ನೀಲಿ ಗೊತ್ತಾಗ್ತದೆ. ಕೆಂಪು ಹಸಿರು ಮಾತ್ರ ಎರಡೂ ಒಂದೇ ಮಣ್ಣು. ಹುಟ್ಟಿದಾಗಿಂದ ಹಂಗೇ.”

ಇಷ್ಟು ವರ್ಷ ಚಿತ್ರ ಕಲಿಸಿದ ಮಾಸ್ತರರು! ಬಾಯಲ್ಲಿ ಹೇಳು ಎಂದು ಕೇಳುತ್ತಿದ್ದದ್ದು, ಆ ಬಿಳಿ ಅಂಗಿ, ಎಲ್ಲ ಒಂದೊಂದಾಗಿ ತಲೆಯಲ್ಲಿ ಬೆಳಕಾಗುತ್ತ ಹೋಯಿತು.

“ಯಾರಿಗೂ ಗೊತ್ತಿಲ್ವಾ?”

“ಅವಳಿಗೆ ಗೊತ್ತಿತ್ತು.”

ಅವಳು ಎಂದರೆ ಅವರ ಹೆಂಡತಿ. ಕುಮಟಾದಿಂದ ಒಳಗೆ, ಸಂತೆಗುಳಿಯ ಕಡೆಯವರು. ಮದುವೆಯಾದ ವರ್ಷ ಬೇಸಿಗೆಯಲ್ಲಿ ಮಾವನ ಮನೆಗೆ ಹೋದಾಗ, ಮನೆಮಂದಿಯೆಲ್ಲ ಬುಟ್ಟಿ ಹಿಡಿದು ಮುರುಗಲ ಹಣ್ಣು ಕೊಯ್ಯಲು ಹೊರಟರಂತೆ. ಹೊಸ ಅಳಿಯ ಹಿಂದೆ ಉಳಿದರೆ ಚೆನ್ನವೇ? ಇವರೂ ಹೋದರು. ಮರದಲ್ಲಿ ಹಣ್ಣು ಯಾವುದು, ಕಾಯಿ ಯಾವುದು, ಎಲೆ ಯಾವುದು ಇವರಿಗೆ ಒಂದೂ ತಿಳಿಯದು. ಕೈಗೆ ಸಿಕ್ಕಿದ್ದು ಕೊಯ್ದು ಬುಟ್ಟಿ ತುಂಬಿಸಿ ತಂದರು. ಅಂಗಳದಲ್ಲಿ ಹೆಂಡತಿ ಬುಟ್ಟಿಯೊಳಗೆ ಇಣುಕಿ ನೋಡಿದವರು ಇವರ ಮುಖ ನೋಡಿದರು. ಅಷ್ಟರಲ್ಲಿ ಮಾವ ಹತ್ತಿರ ಬಂದಿದ್ದರು. “ನಾನೇ ಕಾಯಿ ತರೂಕೆ ಹೇಳಿದ್ದೆ ಅಪ್ಪಯ್ಯ, ಉಪ್ಪಲ್ಲಿ ಹಾಕೂಕೆ ಬೇಕಿತ್ತು,” ಎಂದುಬಿಟ್ಟರಂತೆ ಆಕೆ.

ಸಂಜೆ ಬಾವಿಯ ಹಿಂದೆ ಕರೆದು ಇವರ ಒಂದು ಕೈಗೆ ಹಣ್ಣು, ಇನ್ನೊಂದಕ್ಕೆ ಕಾಯಿ ಕೊಟ್ಟು, “ಹೆಬ್ಬೆಟ್ಟಲ್ಲಿ ಒತ್ತಿ ನೋಡಿ. ಮೆತ್ತಗೆ ಒಳಗೆ ಹೋದದ್ದು ಹಣ್ಣು. ಕಣ್ಣಿಗೆ ಕೇಳಬೇಡಿ,” ಎಂದರಂತೆ. ಯಾಕೆ, ಏನು, ಯಾವಾಗಿನಿಂದ ಎಂದು ಒಂದು ಪ್ರಶ್ನೆಯೂ ಇಲ್ಲ. ಆಮೇಲೆ ಆಕೆಯೇ ಬಟ್ಟೆಯಲ್ಲಿ ಸಾಲು ಚೀಲ ಹೊಲಿದು, ಬಣ್ಣದ ಟ್ಯೂಬುಗಳನ್ನು ಒಂದು ಕ್ರಮದಲ್ಲಿ ಜೋಡಿಸಿ, ಕೆಂಪಿನ ಚೀಲಕ್ಕೆ ಒಂದು ಗಂಟು, ಹಸಿರಿನದಕ್ಕೆ ಎರಡು ಗಂಟಿನ ದಾರ ಕಟ್ಟಿದರು. ಬಣ್ಣ ಕಲಸಿದ ಮೇಲೆ ಇವರು ಅಡುಗೆಮನೆಯ ಬಾಗಿಲಲ್ಲಿ ನಿಂತು ತಟ್ಟೆ ತೋರಿಸುವುದು, ಆಕೆ ಒಲೆಯ ಮುಂದಿನಿಂದ ತಲೆಯೆತ್ತಿ “ಇನ್ನೊಂಚೂರು ಕೆಂಪು” ಎನ್ನುವುದು. ಸಂಸಾರ ಹೀಗೆ ನಡೆದಿತ್ತು.

“ನಾ ಇರೂ ತನಕ ಯಾರಿಗೂ ಹೇಳಬೇಡ ತಂಗಿ. ಮಗಳಿಗೂ ಗೊತ್ತಿಲ್ಲ. ಕಿವುಡ ಸಂಗೀತ ಕಲ್ಸ್ದ ಅಂತ ಜನ ನಗಾಡ್ತಾರೆ. ನಾ ಒಬ್ಬನೇ ಆದ್ರೆ ಅಡ್ಡಿಲ್ಲ, ನನ್ನ ಹತ್ರ ಕಲಿತ ಮಕ್ಕಳ ಚಿತ್ರಕ್ಕೂ ನಗ್ತಾರೆ.”

ನಾನು ಮಾತು ಕೊಟ್ಟೆ. ಕೊಟ್ಟು, “ಈಗ ಕಂಪ್ಯೂಟರ್ ಎಂತಕ್ಕೆ ಮಾಸ್ತರ್ರೆ?” ಎಂದು ಕೇಳಿದೆ.

ಹೆಂಡತಿ ಹೊನ್ನಾವರದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಒಂದು ಮಾತು ಹೇಳಿದ್ದರಂತೆ. ‘ನನ್ನ ಕೇಳದೇ ಒಂದು ಮುರುಗಲ ಹಣ್ಣು ಬರೆದು ತೋರ್ಸಿ.’ ಇವರು ಮನೆಗೆ ಹೋಗಿ ಗಂಟಿನ ದಾರ ಮುಟ್ಟಿ ನೋಡಿ ಬಣ್ಣ ತೆಗೆದರು. ಕಲಸಲು ಕೂತರು. ಕಲಸಿದ್ದು ಸರಿಯೋ ತಪ್ಪೋ ಯಾರನ್ನು ಕೇಳುವುದು? ಅದು ಮುಗಿಯುವ ಮೊದಲೇ ಆಕೆ ಹೋಗಿಬಿಟ್ಟರು. ಕಂಪ್ಯೂಟರಿನಲ್ಲಿ ಪ್ರತಿಯೊಂದು ಬಣ್ಣಕ್ಕೂ ನಂಬರು ಇರುತ್ತದೆ, ನಂಬರು ಹೊಡೆದರೆ ಬಣ್ಣ ಬರುತ್ತದೆ ಎಂದು ಯಾರೋ ಹೇಳಿದ್ದನ್ನು ಕೇಳಿ ಕುಮಟಾದ ಬಸ್ಸು ಹತ್ತಿದ್ದರು.

ಕರೆಂಟು ಬಂತು. ನಾನು ಬಣ್ಣ ತಿದ್ದುವ ಕಿಟಕಿ ತೆರೆದು ತೋರಿಸಿದೆ. ಕೆಂಪಿಗೆ ಒಂದು ಮನೆ, ಹಸಿರಿಗೆ ಒಂದು, ನೀಲಿಗೆ ಒಂದು. ಅವರು ಆ ಮೂರು ಮನೆಗಳನ್ನು ನೋಡುತ್ತ, “ಒಂದು ಗಂಟು, ಎರಡು ಗಂಟು,” ಎಂದು ತಮ್ಮೊಳಗೇ ಹೇಳಿಕೊಂಡರು.

ಆ ಮೇಲೆ ಶುರುವಾಯಿತು ನೋಡಿ. ಪೇಂಟ್ ಆಯಿತು, ಕೋರಲ್‌ಡ್ರಾ ಆಯಿತು. ಅದರಲ್ಲಿ ಚಿತ್ರವನ್ನು ಎಷ್ಟು ದೊಡ್ಡದು ಮಾಡಿದರೂ ಗೆರೆ ಒಡೆಯುವುದಿಲ್ಲ ಎಂದು ತಿಳಿದ ದಿನ, ಒಂದು ಹಣ್ಣನ್ನು ಪರದೆಯ ಆಚೆ ಹೋಗುವಷ್ಟು ಹಿಗ್ಗಿಸಿ, “ಅಕ್ಕೋರೆ, ಈಗ ನಾವು ಹಣ್ಣಿನ ಒಳಗೇ ಕೂತಿದ್ದು!” ಎಂದರು. ಫೋಟೋಶಾಪ್ ಕಲಿಸುವಾಗ ಸ್ಕ್ಯಾನರಿನ ಗಾಜಿನ ಮೇಲೆ ಫೋಟೋ ಇಡಬೇಕೆಂದು ನಾನು ಹೇಳಿದ್ದೆ. ಅವರು ಮರುದಿನ ಹಣ್ಣನ್ನೇ ಕತ್ತರಿಸಿ ತಂದು ಇಟ್ಟು ಮುಚ್ಚಳ ಒತ್ತಿದರು. ರಸ ಹರಿದು ಗಾಜು, ಮುಚ್ಚಳ, ಮೇಜು ಎಲ್ಲ ಕೆಂಪು. ಕ್ಲಾಸಿನ ಮಾಲೀಕರು ಕೂಗಾಡಿದ ರಭಸಕ್ಕೆ ಕೆಳಗಿನ ಔಷಧಿ ಅಂಗಡಿಯವರು ಮೆಟ್ಟಿಲು ಹತ್ತಿ ಬಂದರು. ಮುಚ್ಚಳದ ಆ ಕಲೆ ಕೊನೆಗೂ ಹೋಗಲಿಲ್ಲ. ಆದರೆ ಬಂದ ಚಿತ್ರ ಎಷ್ಟು ಚೆನ್ನಾಗಿತ್ತು! ಬೀಜದ ಸುತ್ತಲಿನ ಲೋಳೆಯೂ ಕಾಣುತ್ತಿತ್ತು.

ಮೂರು ಆಯಾಮದ ಚಿತ್ರ ಕಲಿಸುವ ತಂತ್ರಾಂಶ ಬಂದಾಗ ಅವರ ಸಂತೋಷ ಹೇಳತೀರದು. ಅಲ್ಲಿ ಬಣ್ಣ ಹಾಕುವ ಮೊದಲು ಹಣ್ಣು ಬರೀ ದಾರದ ಬಲೆಯ ಹಾಗೆ ಕಾಣುತ್ತದೆ. ಹಿಡಿದು ಸುತ್ತ ತಿರುಗಿಸಬಹುದು. ಅವರು ಗಂಟೆಗಟ್ಟಲೆ ಆ ಬಲೆಯ ಹಣ್ಣನ್ನು ತಿರುಗಿಸುತ್ತ ಕೂರುತ್ತಿದ್ದರು. ಬಣ್ಣ ತುಂಬಿ ಎಂದರೆ, “ಇರ್ಲಿ ಅಕ್ಕೋರೆ, ಇಲ್ಲಿ ನಾವೆಲ್ಲ ಒಂದೇ ಜಾತಿ,” ಎನ್ನುತ್ತಿದ್ದರು. ಅಂತೂ ಕೊನೆಗೆ ನಾವಿಬ್ಬರೂ ಕೂತು ಒಂದು ನಂಬರು ಗಟ್ಟಿ ಮಾಡಿದೆವು. ಮೇಜಿನ ಮೇಲೆ ನಿಜವಾದ ಹಣ್ಣಿಟ್ಟು, ನಾನು ನೋಡಿ ಹೇಳುವುದು, ಅವರು ಅಂಕಿ ಏರಿಸಿ ಇಳಿಸುವುದು. ಪರದೆಯ ಹಣ್ಣು ಮೇಜಿನ ಹಣ್ಣು ಒಂದೇ ಆದಾಗ ಅವರು ಆ ಮೂರು ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡರು. ದಾರಿಯಲ್ಲಿ ಸಿಕ್ಕರೂ ಮಗ್ಗಿಯ ಹಾಗೆ ಹೇಳಿ ತೋರಿಸುತ್ತಿದ್ದರು.

ಆ ನಂಬರಿನ ಮಾನ ಹೋದದ್ದು ಭಟ್ಕಳದಲ್ಲಿ. ಹಳದೀಪುರದ ಹೆಂಗಸರ ಸಂಘದವರು ಮುರುಗಲ ಶರಬತ್ತು ಮಾಡಿ ಮಾರಲು ಹೊರಟಿದ್ದರು. ಅಂಗಡಿಯ ಮುಂದೆ ಕಟ್ಟಲು ದೊಡ್ಡ ಬ್ಯಾನರು ಬೇಕು, ಮಾಸ್ತರರೇ ಬರೆದು ಕೊಡಬೇಕು ಎಂದು ಹಟ ಹಿಡಿದರು. ಫ್ಲೆಕ್ಸ್ ಯಂತ್ರ ಆಗ ನಮ್ಮ ಕಡೆ ಹೊಸತು. ಭಟ್ಕಳದಲ್ಲಿ ಒಂದು ಅಂಗಡಿಗೆ ಬಂದಿತ್ತು. ಸಿ.ಡಿ. ಹಿಡಿದು ನಾವಿಬ್ಬರೂ ಹೋದೆವು. ಮಾಲೀಕರು ನವಾಯತಿ, ಅಂದರೆ ಭಟ್ಕಳದ ಮುಸ್ಲಿಮರ ಕೊಂಕಣಿ, ಮಾತಾಡುವ ಮನೆಯವರು, ಬಹಳ ಮರ್ಯಾದೆಯ ಮನುಷ್ಯ. ಡ್ರಾಯಿಂಗ್ ಮಾಸ್ತರರು ಎಂದು ತಿಳಿದ ಕೂಡಲೇ ಕುರ್ಚಿ ಹಾಕಿಸಿ ಚಹಾ ತರಿಸಿದರು.

ಯಂತ್ರ ಅತ್ತಿಂದಿತ್ತ ಓಡಾಡುತ್ತ ಇಂಚಿಂಚಾಗಿ ಬ್ಯಾನರು ಹೊರಬಿಟ್ಟಿತು. ನೀರಿನ ಕೊಡದಷ್ಟು ದೊಡ್ಡ ಹಣ್ಣು. ನೋಡಿದವಳೇ ನಾನು ತಣ್ಣಗಾದೆ. ನಂಬರು ಅದೇ, ಬಣ್ಣ ಮಾತ್ರ ಬಾಡಿದ ಬದನೆಕಾಯಿಯದು.

“ಮಾಸ್ತರ್‌ಜಿ, ಕಲರ್ ಬರಾಬರ್ ಅದೆಯಾ? ನೀವು ಹೂಂ ಅಂದ್ರೆ ಕಟ್ ಮಾಡ್ತೆ,” ಎಂದರು ಮಾಲೀಕರು.

ಅಂಗಡಿಯಲ್ಲಿದ್ದವರೆಲ್ಲ ಮಾಸ್ತರರ ಬಾಯಿ ನೋಡುತ್ತ ನಿಂತರು. ಬಣ್ಣದ ವಿಷಯದಲ್ಲಿ ಅವರ ಮಾತೇ ಕೊನೆಯ ಮಾತಲ್ಲವೇ! ಮಾಸ್ತರರು ಬ್ಯಾನರಿನ ಹತ್ತಿರ ಹೋದರು, ಬಗ್ಗಿದರು. ರೂಢಿಯ ಬಲದಿಂದಲೋ ಏನೋ ಆ ಫ್ಲೆಕ್ಸಿನ ಹಣ್ಣಿನ ಮೇಲೆ ಹೆಬ್ಬೆರಳು ಒತ್ತಿದರು. ಬಣ್ಣ ಆರಿರಲಿಲ್ಲ, ಬೆರಳಿಗೆ ಹತ್ತಿತು. ಆ ಬೆರಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಅವರ ಕುತ್ತಿಗೆಯಲ್ಲಿ ಬೆವರಿಳಿಯುತ್ತಿದ್ದದ್ದು ನನಗೆ ಕಾಣುತ್ತಿತ್ತು. ಹೌದು ಎಂದರೂ ಇಲ್ಲ ಎಂದರೂ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ನಾನು ಬಾಯಿ ಹಾಕಿದರೆ ಮಾಸ್ತರರ ಮುಂದೆ ಇವಳೇನು ಎಂದಾರು.

ಮಾಸ್ತರರು ನೆಟ್ಟಗೆ ನಿಂತು ನನ್ನ ಕಡೆ ತಿರುಗಿದರು. ಹಳೆಯ ಕ್ಲಾಸಿನ ಧ್ವನಿಯಲ್ಲಿ, “ಇಲ್ಲಿ ಎಂತ ಬಣ್ಣ ಬಂದದೆ? ಬಾಯಲ್ಲಿ ಹೇಳು,” ಎಂದರು.

ನಾನು ಎಂಟನೇ ತರಗತಿಯ ಹುಡುಗಿಯ ಹಾಗೆ ಕೈಕಟ್ಟಿ ನಿಂತೆ. “ಬದನೆಕಾಯಿ ಬಣ್ಣ ಬಂದದೆ ಮಾಸ್ತರ್ರೆ. ಮುರುಗಲ ಕೆಂಪು ಬರಲಿಲ್ಲ. ನೀಲಿ ಇಳೀಬೇಕು, ಕೆಂಪು ಏರಬೇಕು.”

“ಕೇಳ್ತಲ್ಲ?” ಎಂದರು ಮಾಸ್ತರರು ಮಾಲೀಕರಿಗೆ. “ನನ್ನ ವಿದ್ಯಾರ್ಥಿನಿ. ಅವಳು ಹೇಳಿದ ಹಾಂಗೆ ಮಾಡಿ.”

“ವಾಹ್,” ಎಂದರು ಮಾಲೀಕರು. “ಪರದೆ ಮೇಲಿದ್ದದ್ದು ಬೇರೆ, ಫ್ಲೆಕ್ಸಲ್ಲಿ ಬರೂದು ಬೇರೆ ಮಾಸ್ತರ್‌ಜಿ. ನಮ್ಮ ಈ ಎರಡು ಕಂಪ್ಯೂಟರಲ್ಲೇ ಒಂದ್ರ ಹಾಂಗೆ ಇನ್ನೊಂದು ತೋರ್ಸೂದಿಲ್ಲ.” ಎರಡನೆಯ ಸಲ ಬಂದ ಬ್ಯಾನರು ಚೆನ್ನಾಗಿತ್ತು. ಸಂಘದ ಹೆಂಗಸರು ಅದನ್ನು ಕಟ್ಟಿ ಎಷ್ಟೋ ಬೇಸಿಗೆ ಶರಬತ್ತು ಮಾರಿದರು.

ತಿರುಗಿ ಬರುವ ಬಸ್ಸಿನಲ್ಲಿ ಮಾಸ್ತರರು ಗೆದ್ದವರ ಹಾಗೆ ಇರಲಿಲ್ಲ. ಕಿಟಕಿಯ ಪಕ್ಕ ಕೂತು ಹೆಬ್ಬೆರಳಿಗೆ ಹತ್ತಿದ ಬಣ್ಣವನ್ನು ಉಜ್ಜುತ್ತಲೇ ಇದ್ದರು. ಹೊನ್ನಾವರದ ಹತ್ತಿರ ಶರಾವತಿಯ ಸೇತುವೆ ದಾಟುವಾಗ ಬಾಯಿ ಬಿಟ್ಟರು.

“ತಂಗಿ, ನಂಬರು ಒಂದೇ. ನಿನ್ನ ಪರದೆ ಮೇಲೆ ಒಂದು ಬಣ್ಣ, ಅವರದ್ರ ಮೇಲೆ ಒಂದು, ಫ್ಲೆಕ್ಸಲ್ಲಿ ಮತ್ತೊಂದು. ಯಂತ್ರಕ್ಕೂ ನನ್ನ ಹಾಂಗೇ ಆಗ್ತದೆ ಅಂತಾತು.”

ನಾನು ನಕ್ಕೆ. ಅವರು ನಗಲಿಲ್ಲ.

“ಮೊದ್ಲು ಅವಳನ್ನ ಕೇಳ್ತಿದ್ದೆ. ಆಮೇಲೆ ನಂಬರು ಕೇಳ್ದೆ. ಇವತ್ತು ನಿನ್ನ ಕೇಳ್ದೆ. ಯಾರನ್ನೂ ಕೇಳದೇ ಬರೆದದ್ದು ಒಂದಾದ್ರೂ ಅದೆಯಾ?”

ಹಳದೀಪುರದಲ್ಲಿ ಅವರು ಇಳಿದು, ಕೊಡೆ ಬಿಚ್ಚಿ, ಹಿಂತಿರುಗಿ ನೋಡದೆ ಹೋದರು. ಆ ಬಿಳಿ ಬೆನ್ನು ನೋಡಿ ನನಗೆ ಅಳು ಬಂದಿತ್ತು.

ಆಮೇಲೆ ಅವರು ಮನೆಗೇ ಒಂದು ಕಂಪ್ಯೂಟರು ತಂದುಕೊಂಡರು. ನನಗೂ ಮದುವೆ, ಮಗು, ಬೇರೆ ಕೆಲಸ ಎಂದು ಭೇಟಿ ಕಡಿಮೆಯಾಯಿತು. ಮೊಬೈಲು ಬಂದ ಹೊಸದರಲ್ಲಿ, ಆ ಚಿಕ್ಕ ಕಪ್ಪು ಬಿಳುಪು ಪರದೆಗೆ ಚುಕ್ಕೆ ಚುಕ್ಕೆಯಿಂದ ಮಾಡಿದ ಒಂದು ಹಣ್ಣು ಬಂತು. ಕಳಿಸಿದವರು ಯಾರೆಂದು ಹೇಳಬೇಕೇ? ನಾನು ಕೂಡಲೇ ಫೋನ್ ಮಾಡಿ, “ಮಾಸ್ತರ್ರೆ, ಹಣ್ಣೋ ಕಾಯೋ?” ಎಂದೆ. “ಈ ಫೋನಲ್ಲಿ ಆ ಪ್ರಶ್ನೆ ಕೇಳೂಕೆ ಯಾರಿಗೂ ಹಕ್ಕಿಲ್ಲ,” ಎಂದು ಅವರು ನಕ್ಕ ನಗು ಈಗಲೂ ಕಿವಿಯಲ್ಲಿದೆ.

ಕೊನೆಯ ಸಲ ಸಿಕ್ಕಿದ್ದು ಕುಮಟಾದ ಬಸ್ ನಿಲ್ದಾಣದಲ್ಲಿ. ಇನ್ನೂ ತೆಳ್ಳಗಾಗಿದ್ದರು, ಉಸಿರು ಮೇಲೆ ಬರುತ್ತಿತ್ತು. ನನ್ನನ್ನು ಕಂಡವರೇ ಕಲ್ಲು ಬೆಂಚಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡರು.

“ತಂಗಿ, ನಾ ಇಷ್ಟು ವರ್ಷ ತಪ್ಪು ಪರೀಕ್ಷೆಗೆ ಓದ್ದೆ.”

“ಎಂತ ಪರೀಕ್ಷೆ ಮಾಸ್ತರ್ರೆ?”

“ಆಸ್ಪತ್ರೆಲಿ ಅವಳು ನನ್ನ ಕೇಳದೇ ಒಂದು ಹಣ್ಣು ಬರೀರಿ ಅಂದ್ಲು ಅಲ್ದಾ? ಕೆಂಪು ಸಮ ಬರ್ತದಾ ನೋಡ್ವ ಅಂದ್ಲು ಅಂತ ನಾ ತಿಳ್ಕಂಡೆ. ಅವಳಿಗೆ ಕೆಂಪು ಹಣ್ಣು ಎಂತಕ್ಕೆ ಮಾರಾಯ್ತಿ? ಅಂಗಳ ತುಂಬ ಕೆಂಪು ಹಣ್ಣು ಒಣಗಿಸಿದವಳು ಅವಳು. ಎಲ್ಲರಿಗೂ ಕಾಣೂ ಹಣ್ಣು ಅವಳೂ ಕಂಡಿದ್ಲು. ನಂಗೆ ಕಾಣೂದು ಹ್ಯಾಂಗೆ ಅಂತ ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಸಂಸಾರ ಮಾಡಿದಷ್ಟು ದಿನವೂ ನಾ ಅವಳ ಕಣ್ಣಲ್ಲಿ ನೋಡ್ದೆ. ಅವಳು ಒಂದು ಸಲನಾದ್ರೂ ನನ್ನ ಕಣ್ಣಲ್ಲಿ ನೋಡ್ಬೇಕು ಅಂದ್ಲು. ಅಷ್ಟೇಯ.”

ಹಳದೀಪುರದ ಕಡೆಯ ಬಸ್ಸು ಬಂತು. ನಾನು ಕೈ ಹಿಡಿದು ಹತ್ತಿಸಿದೆ. ಹಾಗಾದರೆ ಬರೆಯುತ್ತೀರಾ ಎಂದು ಕಿಟಕಿಯಲ್ಲಿ ಕೇಳಿದೆ. “ನೋಡ್ವ,” ಎಂದರು. ಅಷ್ಟೇ.

ಐತವಾರ ಹಳದೀಪುರಕ್ಕೆ ಹೋದಾಗ ಮಗಳು ಕಂಪ್ಯೂಟರು ಹಚ್ಚಿಟ್ಟುಕೊಂಡೇ ಕಾಯುತ್ತಿದ್ದಳು. ಒಂದೊಂದಾಗಿ ತೆಗೆದು ತೋರಿಸಿದಳು. ಗೆರೆಯ ಹಣ್ಣು, ಬಲೆಯ ಹಣ್ಣು, ಸ್ಕ್ಯಾನರಿನ ಹಣ್ಣು, ತಾನೇ ತಿರುಗುವ ಹಣ್ಣು, ಬ್ಯಾನರಿನ ಹಣ್ಣು. ಎಲ್ಲ ನಾನು ಕಂಡದ್ದೇ, ಬಣ್ಣ ತುಂಬಿದ್ದೆಲ್ಲ ಕೆಂಪು.

“ಇದೊಂದು ಕೆಟ್ಟು ಹೋಗ್ಯದೆ ಅಕ್ಕಾ, ಅಳಿಸ್ಬಿಡ್ವ,” ಎಂದು ಅವಳು ಕೊನೆಯದನ್ನು ತೆರೆದಳು.

ಪೇಂಟ್‌ನಲ್ಲಿ ಬರೆದದ್ದು. ಒಂದು ಕೊಂಬೆ, ನಾಲ್ಕಾರು ಎಲೆ, ಎರಡು ಗುಂಡು ಹಣ್ಣು. ಕೊಂಬೆ, ಎಲೆ, ಹಣ್ಣು ಎಲ್ಲಕ್ಕೂ ಒಂದೇ ಬಣ್ಣ; ಮಳೆಗೆ ನೆನೆದ ಹಳೆಯ ಕತ್ತದ ಹಗ್ಗದ ಹಾಗಿನ, ಹೆಸರು ಹೇಳಲು ಬಾರದ ಕಂದು. ಒಂದರ ಅಂಚು ಇನ್ನೊಂದರಿಂದ ಬೇರೆಯಾಗಿದ್ದದ್ದು ನೆರಳಿನಿಂದ ಮಾತ್ರ. ಅದನ್ನು ಬರೆಯುವಾಗ ಅವರು ನಂಬರಿನ ಕಿಟಕಿ ತೆರೆದಿರಲಿಕ್ಕಿಲ್ಲ. ಎದುರಿಗೆ ಕೊಂಬೆ ಇಟ್ಟುಕೊಂಡು, ತಮ್ಮ ಕಣ್ಣಿಗೆ ಸಮ ಕಂಡದ್ದನ್ನು ಎತ್ತಿ ಹಾಕಿದ್ದರು.

ಹೇಳಬೇಕೋ ಬೇಡವೋ ಎಂಬ ನನ್ನ ಗೊಂದಲ ಅಲ್ಲಿಗೆ ಮುಗಿಯಿತು. ಅಳಿಸಲು ಹೊರಟ ಅವಳ ಕೈಯನ್ನು ಹಿಡಿದುಕೊಂಡೇ ಎಲ್ಲ ಹೇಳಿದೆ. ಬುಟ್ಟಿ ತುಂಬ ಕಾಯಿ ಕೊಯ್ದು ತಂದ ಅಳಿಯ, ಬಾವಿಯ ಹಿಂದೆ ಪಾಠ ಹೇಳಿದ ಹೆಂಡತಿ, ಗಂಟಿನ ದಾರ, ಆಸ್ಪತ್ರೆಯ ಮಾತು, ಭಟ್ಕಳದ ಫ್ಲೆಕ್ಸು, ಕಲ್ಲು ಬೆಂಚು. ಕೇಳಿ ಮುಗಿದ ಮೇಲೆ ಅವಳು ಸೆರಗಿನಿಂದ ಕಣ್ಣು ಒತ್ತಿಕೊಂಡಳು.

“ಆಯಿ ಹೋದಮೇಲೆ ನಾ ಹೊಸ ಸೀರೆ ಉಟ್ಟು ಬಂದಾಗೆಲ್ಲ ಅಪ್ಪ, ಎಂತ ಬಣ್ಣ ಬಾಯಲ್ಲಿ ಹೇಳು ಅಂತಿದ್ರು. ಮಾಸ್ತರಿಕೆ ಬಿಡಲಿಲ್ಲ ಇವರು ಅಂತ ನಾ ನಗ್ತಿದ್ದೆ ಅಕ್ಕಾ.”

ನಾವಿಬ್ಬರೂ ಆ ಚಿತ್ರ ನೋಡುತ್ತ ಕೂತೆವು. ಹೊರಗೆ ಹೆದ್ದಾರಿಯಲ್ಲಿ ಬಸ್ಸುಗಳು ಹೋಗುತ್ತಿದ್ದವು. ಅವಳು ಪರದೆಯತ್ತ ಬೆರಳು ತೋರಿಸಿ ಕೇಳಿದಳು: “ಇದ್ರಲ್ಲಿ ಹಣ್ಣು ಯಾವ್ದು, ಕಾಯಿ ಯಾವ್ದು?”

ಹೌದಲ್ಲ! ಬಾವಿಯ ಹಿಂದೆ ಆಕೆ ಕೊಟ್ಟ ಹಾಗೆ ಎರಡು ಬರೆದಿದ್ದಾರೆಂದರೆ ಒಂದು ಹಣ್ಣು, ಒಂದು ಕಾಯಿ ಇರಲೇಬೇಕು. ನಾನು ಮುಂದಕ್ಕೆ ಬಗ್ಗಿ ನೋಡಿದೆ. ಎರಡಕ್ಕೂ ಒಂದೇ ಕಂದು. ಎಷ್ಟು ನೋಡಿದರೂ ನನಗೆ ಗೊತ್ತಾಗಲಿಲ್ಲ. ಇಷ್ಟು ವರ್ಷ ಅವರಿಗೆ ಹಣ್ಣು ಕಾಯಿ ಬಿಡಿಸಿ ಹೇಳುತ್ತಿದ್ದವಳು ನಾನು. ಆಸೆಯಿಂದ ಇನ್ನೊಮ್ಮೆ ಕಣ್ಣುಜ್ಜಿ ನೋಡಿದರೂ ತಿಳಿಯಲಿಲ್ಲ. ಮರದ ಕೆಳಗೆ ಬುಟ್ಟಿ ಹಿಡಿದು ನಿಂತ ಆ ಹೊಸ ಅಳಿಯನ ಸಂಕಟ ಏನೆಂದು ಆಗ ನನಗೆ ಗೊತ್ತಾಯಿತು.

“ನಂಗೆ ಗೊತ್ತಾಗೂದಿಲ್ಲ ತಂಗಿ,” ಎಂದೆ.

ಅವಳು ಕುರ್ಚಿ ಎಳೆದುಕೊಂಡು ಪರದೆಗೆ ಮುಖ ಹತ್ತಿರ ತಂದಳು. ಎಡಗಡೆಯ ಹಣ್ಣಿನ ಮೈಯಲ್ಲಿ ಒಂದು ಚಿಕ್ಕ ತಗ್ಗು ಇತ್ತು, ನೆರಳಿನ ಒಂದು ಸಣ್ಣ ಗೆರೆಯಷ್ಟೇ. ಬಲಗಡೆಯದರಲ್ಲಿ ಇರಲಿಲ್ಲ. ಅವಳು ತನ್ನ ಹೆಬ್ಬೆರಳನ್ನು ಆ ತಗ್ಗಿನ ಮೇಲೆ ಮೆಲ್ಲಗೆ ಇಟ್ಟಳು. ಸರಿಯಾಗಿ ಕೂತಿತು.

“ಇದು ಹಣ್ಣು ಅಕ್ಕಾ,” ಎಂದಳು. ಬೆರಳು ತೆಗೆಯಲಿಲ್ಲ.